ಖುಲಾಸೆಯ ನಂತರ ಕಡತ ಯಾರ ಕೈಯಲ್ಲಿ?

ಕುಶಾಲನಗರದ ಕಡೆಯ ಒಬ್ಬ ಆದಿವಾಸಿ ಕೂಲಿಕಾರ ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು 2020ರಲ್ಲಿ ಪೊಲೀಸರಿಗೆ ದೂರು ಕೊಟ್ಟ. ಆಮೇಲೆ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ದೂರು ಕೊಟ್ಟವನೇ ಕೊಲೆಗಾರನಾದ. ಎಲುಬುಗಳು ಅವಳವೇ ಎಂದು ತೀರ್ಮಾನವಾಯಿತು, ಅವನು ಜೈಲಿಗೆ ಹೋದ. ಎಲುಬುಗಳನ್ನೂ ಅವಳ ತಾಯಿಯ ರಕ್ತದ ಮಾದರಿಯನ್ನೂ ಡಿಎನ್ಎ ಪರೀಕ್ಷೆಗೆ ಕಳಿಸಿದ್ದು ನಿಜ. ಆದರೆ ಪರೀಕ್ಷೆಯ ವರದಿ ಬರುವ ಮೊದಲೇ ದೋಷಾರೋಪಣ ಪಟ್ಟಿ ಕೋರ್ಟಿಗೆ ಹೋಗಿತ್ತು. ವರದಿ ಬಂದಾಗ ಎರಡೂ ತಾಳೆಯಾಗಲಿಲ್ಲ. ಆದರೂ ವಿಚಾರಣೆ ನಿಲ್ಲಲಿಲ್ಲ. 2025ರ ಏಪ್ರಿಲ್ ಮೊದಲ ದಿನ ಆ ಹೆಂಡತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಊಟ ಮಾಡುತ್ತಿರುವುದು ಅವನ ಗೆಳೆಯರ ಕಣ್ಣಿಗೆ ಬಿತ್ತು.

ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಗೌರವಯುತವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲು ಸರಕಾರಕ್ಕೆ ಹೇಳಿತು. ತನಿಖಾಧಿಕಾರಿಯ ಮೇಲೆ ಕ್ರಮಕ್ಕೂ ಆದೇಶಿಸಿತು. ಅವನ ಹೆಸರನ್ನು ಇಲ್ಲಿ ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಆರೋಪಿಯಾಗಿದ್ದಾಗಲೂ, ಬಿಡುಗಡೆಯಾದಾಗಲೂ ಆ ಹೆಸರು ಬೇಕಾದಷ್ಟು ಅಚ್ಚಾಗಿದೆ.

ನಮ್ಮದೇ ಜಿಲ್ಲೆಯ ಸುದ್ದಿಯಾದ್ದರಿಂದ ಕೊಡ್ಲಿಪೇಟೆಯ ಚಹಾ ಅಂಗಡಿಗಳಲ್ಲಿ ಆ ವಾರವೆಲ್ಲ ಇದೇ ಮಾತು. ಒಂದು ಲಕ್ಷ ಸಾಲದು ಎಂದರು ಕೆಲವರು, ಅಷ್ಟಾದರೂ ಸಿಕ್ಕಿತಲ್ಲ ಎಂದರು ಕೆಲವರು. ಹೆಂಡತಿಯ ನಡತೆಯ ಬಗ್ಗೆ ಮಾತಾಡಿದವರೇ ಹೆಚ್ಚು. ಪತ್ರಿಕೆಗಳೂ ಅದನ್ನೇ ಮಾಡಿದವು. ಡಿಎನ್ಎ ವರದಿ ಯಾವ ತಾರೀಕಿಗೆ ಯಾವ ಮೇಜಿಗೆ ಬಂತು, ಅದನ್ನು ಓದಿದವರು ಯಾರು, ಓದಿದ ಮೇಲೆ ಏನು ಬರೆದರು ಎಂಬ ಪ್ರಶ್ನೆ ಮಾತ್ರ ನಮಗೆ ಅಷ್ಟಾಗಿ ಕೇಳಿಸಲಿಲ್ಲ. ಪರಿಹಾರದ ಮೊತ್ತಕ್ಕಿಂತ ಮುಂಚಿನ ಪ್ರಶ್ನೆ ಇದು ಎಂಬುದು ನಮ್ಮ ಅನಿಸಿಕೆ. ಇದಕ್ಕೆ ಉತ್ತರ ಸಿಗದೆ ಕೊಡುವ ಹಣ, ಒಂದು ಲಕ್ಷವಿರಲಿ ಒಂದು ಕೋಟಿಯಿರಲಿ, ಖೈರಾತಿನ ಲೆಕ್ಕಕ್ಕೆ ಹೋಗುತ್ತದೆ. ಖೈರಾತನ್ನು ಕೊಟ್ಟವರು ಹಿಂದಕ್ಕೆ ಕೇಳಲೂಬಹುದು. ಕೇಳಿದ ಉದಾಹರಣೆಯೂ ಇದೆ, ಮುಂದೆ ಹೇಳುತ್ತೇವೆ.

ಮೊದಲು ಒಂದು ಪದದ ಮಾತು. ಉರ್ದು ಶಾಲೆಯಲ್ಲಿ ಪಾಠ ಮುಗಿದ ಮೇಲೆ ಅದರ ‘ಖುಲಾಸಾ’ ಬರೆಯಿರಿ ಎನ್ನುತ್ತಿದ್ದರು, ಎಂದರೆ ಸಾರಾಂಶ. ಹಿಂದಿ ಪತ್ರಿಕೆಗಳಿಗೆ ಅದೇ ಪದ ಮುಚ್ಚಿಟ್ಟದ್ದನ್ನು ಬಯಲಿಗೆಳೆಯುವುದು. ಕನ್ನಡಕ್ಕೆ ಬಂದು ಅದು ಕೋರ್ಟಿನಿಂದ ಬಿಡುಗಡೆ ಎಂದಾಯಿತು. ಅರಬಿಯ ಮೂಲಧಾತುವಿನಲ್ಲಿ ಬೆರಕೆಯಿಂದ ಶುದ್ಧವಾಗುವುದು, ಬಂಧನದಿಂದ ಪಾರಾಗುವುದು ಎರಡೂ ಇವೆ. ನಮ್ಮ ನ್ಯಾಯಾಲಯಗಳಲ್ಲಿ ಸಿಗುವುದು ಕನ್ನಡದ ಖುಲಾಸೆ ಮಾತ್ರ. ಹಿಂದಿಯ ಖುಲಾಸಾ ಆಗುವುದಿಲ್ಲ. ಮನುಷ್ಯ ಹೊರಗೆ ಬರುತ್ತಾನೆ, ಕಡತ ಒಳಗೇ ಉಳಿಯುತ್ತದೆ.

ಹೊರಗೆ ಬಂದವನು ತನಗಾದ ನಷ್ಟಕ್ಕೆ ಸರಕಾರದ ಮೇಲೆ ದಾವೆ ಹೂಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹೂಡಬಹುದು. ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದ ಕೊಡುವ ಅವಧಿ ಬಿಡುಗಡೆಯಾದ ದಿನದಿಂದ ಒಂದೇ ವರ್ಷ. ಇಪ್ಪತ್ತು ವರ್ಷ ಒಳಗಿದ್ದು ಬಂದವನಿಗೂ ಅಷ್ಟೆ. ಕೇಳುವ ಮೊತ್ತ ಏರಿದಂತೆ ಕೋರ್ಟ್ ಶುಲ್ಕವೂ ಏರುತ್ತದೆ. ಇವೆರಡನ್ನೂ ದಾಟಿದನೆನ್ನಿ, ನಿಜವಾದ ತೊಡಕು ಅಲ್ಲಿಂದ ಶುರು. ಅವನನ್ನು ನಿರಪರಾಧಿ ಎಂದ ಕ್ರಿಮಿನಲ್ ಕೋರ್ಟಿನ ತೀರ್ಪು ಸಿವಿಲ್ ಕೋರ್ಟಿನಲ್ಲಿ ಒಂದೇ ಸಂಗತಿಗೆ ಸಾಕ್ಷಿ: ಇಂಥ ದಿನ ಈತ ಬಿಡುಗಡೆಯಾದ ಎಂಬುದಕ್ಕೆ. ಯಾಕೆ ಬಿಡುಗಡೆಯಾದ, ಪೊಲೀಸರ ಬಗ್ಗೆ ನ್ಯಾಯಾಧೀಶರು ಏನು ಹೇಳಿದರು ಎಂಬುದು ಅಲ್ಲಿ ರುಜುವಾತಾಗಿ ನಿಲ್ಲುವುದಿಲ್ಲ. ಎಲ್ಲವನ್ನೂ ಹೊಸದಾಗಿ ಸಾಬೀತು ಮಾಡಬೇಕು. ಮೊಕದ್ದಮೆ ಹೂಡಲು ಪೊಲೀಸರಿಗೆ ತಕ್ಕ ಕಾರಣವಿರಲಿಲ್ಲ, ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತು ಎಂದು ತೋರಿಸುವ ಹೊಣೆ ಅವನದೇ.

ಏನಿಟ್ಟುಕೊಂಡು ತೋರಿಸಬೇಕು? ತನಿಖಾಧಿಕಾರಿ ದಿನದಿನವೂ ಬರೆಯಬೇಕಾದ ಕೇಸ್ ಡೈರಿ ಎಂಬುದೊಂದಿದೆ. ಯಾವ ದಿನ ಯಾರನ್ನು ಕಂಡ, ಯಾವ ಕಾಗದ ಬಂತು ಎಂಬುದೆಲ್ಲ ಇರಬೇಕಾದದ್ದು ಅದರಲ್ಲಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಮು ಅದನ್ನು ಆರೋಪಿಗೆ ತೋರಿಸಬೇಕಾಗಿಲ್ಲ ಎನ್ನುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 192 ಎಂದು ಬದಲಾಯಿತು, ಬಾಗಿಲು ತೆರೆಯಲಿಲ್ಲ. ಸರಕಾರದ ಅಪ್ರಕಟಿತ ದಾಖಲೆಗಳನ್ನು ಇಲಾಖೆಯ ಮುಖ್ಯಸ್ಥರ ಅನುಮತಿಯಿಲ್ಲದೆ ಸಾಕ್ಷ್ಯವಾಗಿ ತರಕೂಡದೆಂಬ ಬ್ರಿಟಿಷರ ಕಾಲದ ನಿಯಮವೂ ಹೊಸ ಸಾಕ್ಷ್ಯ ಕಾಯ್ದೆಯೊಳಕ್ಕೆ ಹಾಗೇ ದಾಟಿಬಂದಿದೆ. ಬೀಗ ಒಬ್ಬನ ಮನೆಗೆ, ಬೀಗದ ಕೈ ಎದುರಾಳಿಯ ಸೊಂಟದಲ್ಲಿ. ಆದರೂ ಒಳಗೇನಿದೆ ಎಂದು ಹೇಳಬೇಕಾದವನು ಹೊರಗೆ ನಿಂತವನು.

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯವಾದ ಮಾತು ಹೇಳಿತು. ಪೊಲೀಸರು ವಶಪಡಿಸಿಕೊಂಡರೂ ತಮ್ಮ ವಾದಕ್ಕೆ ಬಳಸದೆ ಬಿಟ್ಟ ಹೇಳಿಕೆ ಮತ್ತು ದಾಖಲೆಗಳ ಪಟ್ಟಿಯನ್ನಾದರೂ ಆರೋಪಿಗೆ ಕೊಡಬೇಕು ಎಂದಿತು. ಒಳ್ಳೆಯ ಹೆಜ್ಜೆ. ಆದರೆ ಕೂಲಿಕಾರನೊಬ್ಬನ ಪರವಾಗಿ ಆ ಪಟ್ಟಿಯನ್ನು ಕೇಳಿ, ಓದಿ, ಅದರಲ್ಲಿ ಬಿಟ್ಟುಹೋದದ್ದೇನೆಂದು ಹಿಡಿಯುವ ವಕೀಲ ಬೇಕಲ್ಲ.

ಅಮೆರಿಕದಲ್ಲಿ ಇಂಥ ದಾವೆಗಳಿಗೆ 1871ರಷ್ಟು ಹಳೆಯ ಕಾನೂನಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರನ್ನು ಕೂ ಕ್ಲಕ್ಸ್ ಕ್ಲಾನ್‌ನ ಹಾವಳಿಯಿಂದ ಕಾಪಾಡಲು ಬಂದ ಕಾನೂನು ಅದು. ತಪ್ಪು ಶಿಕ್ಷೆ ಅನುಭವಿಸಿದವರು ಇಂದು ಪೊಲೀಸರ ಮೇಲೂ ನಗರಾಡಳಿತದ ಮೇಲೂ ದಾವೆ ಹೂಡುವುದು ಅದರ ಬಲದಿಂದಲೇ. ಅಲ್ಲಿ ಜ್ಯೂರಿ ಕೂರುವ ಮೊದಲೇ ದೊಡ್ಡ ಜಗಳ ನಡೆಯುತ್ತದೆ, ಜ್ಯೂರಿಯ ಕಿವಿಗೆ ಏನು ಬೀಳಬೇಕು, ಏನು ಬೀಳಬಾರದು ಎಂದು. ಈತನ ಮೇಲೆ ಹಳೆಯ ಕೇಸುಗಳಿದ್ದವು, ಅದನ್ನು ಹೇಳಲು ಬಿಡಿ ಎನ್ನುತ್ತಾರೆ ಸರಕಾರದ ವಕೀಲರು. ಇದೇ ಪೊಲೀಸ್ ಅಧಿಕಾರಿ ಇನ್ನೂ ನಾಲ್ಕು ಜನರಿಗೆ ಹೀಗೇ ಮಾಡಿದ್ದಾನೆ, ಅದನ್ನು ಹೇಳಲು ಬಿಡಿ ಎನ್ನುತ್ತಾರೆ ಇತ್ತ ಕಡೆಯವರು. ಎಷ್ಟೋ ದಾವೆಗಳ ಹಣೆಬರಹ ಈ ಹಂತದಲ್ಲೇ ತೀರ್ಮಾನವಾಗುತ್ತದೆ. ಯಾವ ಕಾಗದ ಒಳಗೆ, ಯಾವುದು ಹೊರಗೆ ಎಂದು ಗೊತ್ತಾದ ಮೇಲೆ ಎರಡೂ ಕಡೆಯವರು ರಾಜಿಗೆ ಕೂರುವುದೇ ಹೆಚ್ಚು.

ಅಲ್ಲಿನದು ಸ್ವರ್ಗವೆಂದು ಯಾರೂ ತಿಳಿಯಬಾರದು. ನ್ಯೂ ಆರ್ಲಿಯನ್ಸ್‌ನ ಜಾನ್ ಥಾಂಪ್ಸನ್ ಎಂಬ ಕರಿಯನ ಕಥೆ ನಮ್ಮ ಬೆಟ್ಟದಪುರದ ಡಿಎನ್ಎ ವರದಿಗೆ ತೀರಾ ಹತ್ತಿರದ್ದು. ಒಂದು ಸುಲಿಗೆ, ಒಂದು ಕೊಲೆ, ಎರಡೂ ಅವನ ತಲೆಗೆ ಬಂದವು. ಸುಲಿಗೆ ಮಾಡಿದವನ ರಕ್ತ ಬಟ್ಟೆಯೊಂದರ ಮೇಲೆ ಬಿದ್ದಿತ್ತು. ಪ್ರಯೋಗಾಲಯ ಅದು ಬಿ ಗುಂಪಿನ ರಕ್ತವೆಂದು ಬರೆದುಕೊಟ್ಟಿತು. ಥಾಂಪ್ಸನ್‌ನದು ಓ ಗುಂಪು. ಆ ವರದಿಯನ್ನು ಸರಕಾರಿ ವಕೀಲರು ಅವನ ಕಡೆಯವರಿಗೆ ಕೊಡಲೇ ಇಲ್ಲ. 1999ರಲ್ಲಿ, ಮರಣದಂಡನೆಗೆ ಕೆಲವೇ ವಾರಗಳಿರುವಾಗ, ಅವನ ವಕೀಲರು ನೇಮಿಸಿದ ತನಿಖೆಗಾರರಿಗೆ ಅದು ಸಿಕ್ಕಿತು. ಅವನು ಒಟ್ಟು 18 ವರ್ಷ ಸೆರೆಯಲ್ಲಿದ್ದ, ಅದರಲ್ಲಿ 14 ವರ್ಷ ಸಾವಿನ ಸಾಲಿನಲ್ಲಿ. ದಾವೆಯಲ್ಲಿ ಜ್ಯೂರಿ 1 ಕೋಟಿ 40 ಲಕ್ಷ ಡಾಲರ್ ಕೊಡಿಸಿತು. 2011ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಕಿತ್ತುಹಾಕಿತು. ಆ ಕಚೇರಿಯವರು ದಾಖಲೆ ಮುಚ್ಚಿಟ್ಟಿದ್ದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ನಾಲ್ಕು ಶಿಕ್ಷೆಗಳು ರದ್ದಾಗಿದ್ದವು. ಆದರೆ ಅವು ರಕ್ತಪರೀಕ್ಷೆಯಂಥ ವೈಜ್ಞಾನಿಕ ಸಾಕ್ಷ್ಯದ ಪ್ರಕರಣಗಳಲ್ಲ, ಆದ್ದರಿಂದ ಹೋಲಿಕೆಗೆ ಬಾರವು ಎಂದರು ಬಹುಮತದ ನ್ಯಾಯಾಧೀಶರು. ಯಾವ ಹಳೆಯ ಕೇಸು ಇದಕ್ಕೆ ಸಮ, ಯಾವುದು ಅಲ್ಲ ಎಂಬ ಒಂದು ಎಳೆಯ ಮೇಲೆ 14 ವರ್ಷಗಳ ಬೆಲೆ ಸೊನ್ನೆಯಾಯಿತು. ಥಾಂಪ್ಸನ್ 2017ರಲ್ಲಿ ತೀರಿಕೊಂಡ. ಆದರೂ ಒಂದು ಮಾತು ಒಪ್ಪಬೇಕು. ಆ ಕಾಗದ ಜಗತ್ತಿಗೆ ಕಂಡಿದೆ. ಯಾರು ಮುಚ್ಚಿಟ್ಟರು ಎಂಬುದು ತೀರ್ಪಿನ ಪುಟಗಳಲ್ಲೇ ಇದೆ.

ದೂರದ ಮಾತು ಸಾಕು. ನಮ್ಮಿಂದ ಸಕಲೇಶಪುರ ದಾಟಿದರೆ ಮೂಡಿಗೆರೆ. ಅಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಅವರನ್ನು ಓದುಗರು ಮರೆತಿರಲಾರರು. 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು. ಬೆಂಗಳೂರಿನಲ್ಲಿ ಹೆಂಡತಿ ಹೆರಿಗೆಯಾಗಿದ್ದರು, ಕೂಸನ್ನು ನೋಡಲು ಹೊರಟಿದ್ದರು. ಇಂಗ್ಲೆಂಡ್ ಬಿಡುವಾಗ ಬಂಧುವೊಬ್ಬರಿಗೆ ಬಿಟ್ಟುಬಂದ ಸಿಮ್ ಕಾರ್ಡ್ ಅವರ ಅಪರಾಧ. ಆ ಬಂಧುವಿನ ಅಣ್ಣ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು. ಆರೋಪ ಹೊರಿಸದೆಯೇ ಹನ್ನೆರಡು ದಿನ ಹನೀಫ್‌ರನ್ನು ಇಟ್ಟುಕೊಂಡರು. ಸಿಮ್ ಕಾರ್ಡ್ ಉರಿಯುವ ಜೀಪಿನಲ್ಲೇ ಸಿಕ್ಕಿತು ಎಂದು ಸರಕಾರಿ ವಕೀಲರು ಕೋರ್ಟಿಗೆ ಹೇಳಿದರು. ಅದು ಸಿಕ್ಕಿದ್ದು ಜೀಪಿನಿಂದ ಎಷ್ಟೋ ದೂರದ ಲಿವರ್‌ಪೂಲ್‌ನಲ್ಲಿ, ಆ ಬಂಧುವಿನ ಬಳಿ.

ಇನ್ನೊಂದು ಸಣ್ಣ ವಿವರ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹೋಗುವ ಟಿಕೆಟ್ ಮಾತ್ರ ಇತ್ತು, ಮರಳುವ ಟಿಕೆಟ್ ಇರಲಿಲ್ಲ, ಅದಕ್ಕೆ ಆರೋಪಿ ವಿವರಣೆ ಕೊಟ್ಟಿಲ್ಲ ಎಂದು ಪೊಲೀಸರು ಪ್ರಮಾಣಪತ್ರದಲ್ಲಿ ಬರೆದರು. ವಿಚಾರಣೆಯ ದಾಖಲೆಯಲ್ಲಿ ಅವರು ವಿವರಣೆ ಕೊಟ್ಟಿದ್ದು ಸ್ಪಷ್ಟವಾಗಿತ್ತು: ಮಾವ ಟಿಕೆಟ್ ತೆಗೆದಿದ್ದರು, ಮಗುವನ್ನು ಕಂಡ ಮೇಲೆ ಮರಳುವ ಟಿಕೆಟ್ ಕೊಳ್ಳುವ ಯೋಚನೆಯಿತ್ತು. ಅವರ ಪರ ವಕೀಲ ಸ್ಟೀಫನ್ ಕೀಮ್ ಆ ದಾಖಲೆಯನ್ನೇ ‘ದಿ ಆಸ್ಟ್ರೇಲಿಯನ್’ ಪತ್ರಿಕೆಗೆ ಕೊಟ್ಟುಬಿಟ್ಟರು. ಕೀಮ್ ಮೇಲೆ ಪೊಲೀಸ್ ಮುಖ್ಯಸ್ಥರು ದೂರು ಕೊಟ್ಟರು, ಅದು ನಿಲ್ಲಲಿಲ್ಲ. ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದು ಕೈಯಲ್ಲಿ ವಿಚಾರಣೆಯ ದಾಖಲೆ ಹಿಡಿದು ಓದಿದ ಸಾಮಾನ್ಯ ಜನಕ್ಕೆ ಯಾವುದು ಸುಳ್ಳೆಂದು ತಿಳಿಯಿತು. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟಿದ್ದರು, ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿ ಅವರನ್ನು ಒಳಗೇ ಉಳಿಸಿದ್ದರು. ದಾಖಲೆ ಅಚ್ಚಾದ ಮೇಲೆ ಅದೇ ತಿಂಗಳ 27ರಂದು ಆರೋಪವನ್ನೇ ಹಿಂದಕ್ಕೆ ಪಡೆದರು.

ಮುಂದಿನದು ಗಮನಿಸುವಂಥದ್ದು. ಸರಕಾರ ಬದಲಾಯಿತು, ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ಆಯೋಗ ಕೂತಿತು. 2008ರ ಡಿಸೆಂಬರ್‌ನಲ್ಲಿ ವರದಿ ಪ್ರಕಟವಾಯಿತು. ಬಂಧನವಾದ ಎರಡು ದಿನಗಳೊಳಗೆ ಗುಪ್ತಚರ ಇಲಾಖೆ ಈತನ ವಿರುದ್ಧ ತಮ್ಮಲ್ಲಿ ಏನೂ ಇಲ್ಲವೆಂದು ತಿಳಿಸಿತ್ತು ಎಂಬುದು ಆಗ ಹೊರಬಿತ್ತು. ಕಡತ ಹೀಗೆ ಬಯಲಾದ ಮೇಲೆಯೇ ಹನೀಫ್‌ರ ಪರಿಹಾರದ ಬೇಡಿಕೆಗೆ ತೂಕ ಬಂದದ್ದು. 2010ರ ಡಿಸೆಂಬರ್‌ನಲ್ಲಿ ಸಂಧಾನದ ಮೂಲಕ ಅದು ಇತ್ಯರ್ಥವಾಯಿತು. ಮೊತ್ತವನ್ನು ಎರಡೂ ಕಡೆಯವರು ಗುಟ್ಟಾಗಿಟ್ಟರು. ಇರಲಿ. ಮೊತ್ತ ಗುಟ್ಟಾಗಿದ್ದು ಸಂಗತಿಗಳು ಬಯಲಾಗಿದ್ದರೆ ನಮಗೆ ಅಡ್ಡಿಯಿಲ್ಲ. ನಮ್ಮಲ್ಲಿ ಮೊತ್ತ ಮುಖಪುಟದಲ್ಲಿರುತ್ತದೆ, ಸಂಗತಿಗಳು ಠಾಣೆಯ ಕಪಾಟಿನಲ್ಲಿರುತ್ತವೆ.

ಮೂಡಿಗೆರೆಯ ವೈದ್ಯರಿಗೆ 25 ದಿನ. ಕಲಬುರಗಿಯ ನಿಸಾರುದ್ದೀನ್ ಅಹ್ಮದ್‌ಗೆ 23 ವರ್ಷ. 1994ರ ಜನವರಿಯಲ್ಲಿ ಕರೆದೊಯ್ದಾಗ ಆತ ಫಾರ್ಮಸಿ ಓದುತ್ತಿದ್ದ ಹುಡುಗ. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಪ್ರಕರಣದಲ್ಲಿ ಅಜ್ಮೀರಿನ ಟಾಡಾ ನ್ಯಾಯಾಲಯ 2004ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಖ್ಯ ಆಧಾರ ಪೊಲೀಸ್ ವಶದಲ್ಲಿದ್ದಾಗ ಪಡೆದ ತಪ್ಪೊಪ್ಪಿಗೆ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ್ದು ಸಾಕ್ಷ್ಯವಲ್ಲ ಎಂಬ ಶತಮಾನದ ನಿಯಮಕ್ಕೆ ಟಾಡಾ ಕಾಯ್ದೆಯ 15ನೇ ಕಲಮು ರಿಯಾಯಿತಿ ಕೊಟ್ಟಿತ್ತು. ಆ ಕಾಯ್ದೆ 1995ರಲ್ಲೇ ಮುಗಿಯಿತು, ಅದರ ಅಡಿಯಲ್ಲಿ ಬರೆಸಿಕೊಂಡ ಕಾಗದ ಇನ್ನೂ ಎರಡು ದಶಕ ಒಬ್ಬನ ಆಯುಷ್ಯವನ್ನು ತಿಂದಿತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ತಾನು ಜೀವಂತ ಶವ ಎಂಬ ಅರ್ಥದ ಮಾತನ್ನು ಆತ ಆಡಿದ್ದನ್ನು ಪತ್ರಿಕೆಗಳು ಬರೆದವು, ನಾವೂ ಓದಿ ಕಣ್ಣೊರೆಸಿಕೊಂಡೆವು. ಆ ತಪ್ಪೊಪ್ಪಿಗೆಯ ಕಾಗದ ತಯಾರಾದದ್ದು ಹೇಗೆಂದು ಸಾರ್ವಜನಿಕವಾಗಿ ವಿಚಾರಿಸಲು ಕ್ಲಾರ್ಕ್ ಆಯೋಗದಂಥದ್ದು ಒಂದೂ ಕೂರಲಿಲ್ಲ.

ಖೈರಾತನ್ನು ಹಿಂದಕ್ಕೆ ಕೇಳಿದ ಸಂಗತಿ ಹೈದರಾಬಾದಿನದು. 2007ರ ಮಕ್ಕಾ ಮಸ್ಜಿದ್ ಸ್ಫೋಟದ ನಂತರ ಹಿಡಿದು ಹಿಂಸಿಸಿ, ಕೊನೆಗೆ ಬಿಟ್ಟ ಮುಸ್ಲಿಂ ಯುವಕರಿಗೆ ಆಂಧ್ರ ಸರಕಾರ ಪರಿಹಾರ ಹಂಚಿತು. 2013ರಲ್ಲಿ ಆಂಧ್ರ ಹೈಕೋರ್ಟು ಆ ಆದೇಶವನ್ನೇ ರದ್ದು ಮಾಡಿ ಹಣ ವಸೂಲಿಗೆ ಹೇಳಿತು. ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಹುಟ್ಟುವುದಿಲ್ಲ ಎಂಬುದು ಅದರ ತಿರುಳು. ಸಿಟ್ಟು ಬರುವ ತೀರ್ಪು. ಆದರೆ ಸಿಟ್ಟನ್ನು ಪಕ್ಕಕ್ಕಿಟ್ಟು ನೋಡಿದರೆ, ಪೊಲೀಸರ ತಪ್ಪು ಇಂಥದ್ದೆಂದು ದಾಖಲೆಯ ಮೇಲೆ ಸ್ಥಾಪಿಸದೆ ಕೊಟ್ಟ ಹಣಕ್ಕೆ ಬುಡವಿರಲಿಲ್ಲ. ಅಕ್ಷರಧಾಮ ಪ್ರಕರಣದಲ್ಲಿ 2014ರ ಮೇ 16ರಂದು ಬಿಡುಗಡೆಯಾದವರು ಪರಿಹಾರ ಕೇಳಿ ಹೋದಾಗ, ಇದು ಅಪಾಯಕಾರಿ ಮೇಲ್ಪಂಕ್ತಿಯಾದೀತು ಎಂದು 2016ರಲ್ಲಿ ಸುಪ್ರೀಂ ಕೋರ್ಟು ಕೈಚೆಲ್ಲಿತು. ಅದೇ ಕೋರ್ಟು 2018ರ ಸೆಪ್ಟೆಂಬರ್‌ನಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಕೊಡಿಸಿತು, ಪೊಲೀಸರ ಪಾತ್ರವನ್ನು ಹುಡುಕಲು ಸಮಿತಿಯನ್ನೂ ನೇಮಿಸಿತು. ನಾರಾಯಣನ್ ಅದಕ್ಕೆ ಪೂರ್ತಿ ಅರ್ಹರು. ಅವರ ಆರೋಪ ಸುಳ್ಳೆಂದು 1996ರಲ್ಲೇ ಸಿಬಿಐ ಬರೆದುಕೊಟ್ಟಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಅವರ ಬಳಿ ಕಾಗದವಿತ್ತು.

ಇಲ್ಲಿ ಕಾನೂನು ಆಯೋಗದ 277ನೇ ವರದಿಯ ಬಗ್ಗೆ ಎರಡು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ, ನ್ಯಾಯಮೂರ್ತಿ ಬಿ. ಎಸ್. ಚೌಹಾಣ್ ಅಧ್ಯಕ್ಷತೆಯ ಆಯೋಗ ಕೊಟ್ಟ ಈ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಹೊಗಳುವುದು ವಾಡಿಕೆ. ತಪ್ಪು ಮೊಕದ್ದಮೆಗೆ ಗುರಿಯಾದವರಿಗೆ ವಿಶೇಷ ನ್ಯಾಯಾಲಯ, ಹಣದ ಜೊತೆಗೆ ಸಲಹೆ, ತರಬೇತಿ, ಪುನರ್ವಸತಿ ಎಂದೆಲ್ಲ ಅದು ಹೇಳಿತು. ಆಶಯ ದೊಡ್ಡದು. ಆದರೆ ಮೊಕದ್ದಮೆ ದುರುದ್ದೇಶದ್ದು ಅಥವಾ ಸದ್ಭಾವನೆಯಿಲ್ಲದ್ದು ಎಂದು ತೋರಿಸುವ ಹೊಣೆಯನ್ನು ಅರ್ಜಿದಾರನ ಮೇಲೆಯೇ ಇರಿಸಿತು. ಕೇಸ್ ಡೈರಿ ಕಾಣದವನು ತನಿಖಾಧಿಕಾರಿಯ ಮನಸ್ಸನ್ನು ಹೇಗೆ ತೋರಿಸಿಯಾನು? ಪೊಲೀಸರ ಕೈಯಲ್ಲಿ ಯಾವ ದಾಖಲೆ ಯಾವತ್ತು ಇತ್ತು ಎಂದು ಮೊದಲು ಅವರೇ ಹೇಳಲಿ, ಆಮೇಲೆ ಅರ್ಜಿದಾರ ಮಾತಾಡಲಿ ಎಂಬ ಕ್ರಮ ಇದ್ದರೆ ವರದಿಗೆ ಹಲ್ಲು ಬರುತ್ತಿತ್ತು. ಅಷ್ಟನ್ನೂ ಸರಕಾರ ಕಾನೂನು ಮಾಡಲಿಲ್ಲ. ಕ್ರಿಮಿನಲ್ ಕಾಯ್ದೆಗಳನ್ನೆಲ್ಲ ಬುಡದಿಂದ ಬದಲಾಯಿಸಿದೆವೆಂದು ಹೇಳಿಕೊಂಡ ಹೊಸ ಸಂಹಿತೆಯಲ್ಲಿ, ಕಾರಣವಿಲ್ಲದೆ ಬಂಧನಕ್ಕೆ ಒಳಗಾದವನಿಗೆ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರ ಒಂದು ಸಾವಿರ ರೂಪಾಯಿ ಮೀರಬಾರದೆಂಬ ಕಲಮು ಹಾಗೇ ಇದೆ. ನಮ್ಮಲ್ಲಿ ಒಂದು ದಿನದ ಕಾಫಿ ಕುಯ್ಲಿಗೆ ಇಬ್ಬರು ಆಳು ಕರೆದರೂ ಅಷ್ಟು ಸಾಲದು.

2025ರ ಜುಲೈ 15ರಂದು ತಮಿಳುನಾಡಿನ ಒಬ್ಬ ಮರಣದಂಡನೆಯ ಕೈದಿಯನ್ನು ಬಿಡುಗಡೆ ಮಾಡುತ್ತ ಸುಪ್ರೀಂ ಕೋರ್ಟು ಈ ಎರಡನ್ನೂ ಒಟ್ಟಿಗೆ ಮುಟ್ಟಿತು. ತಪ್ಪು ಸೆರೆವಾಸಕ್ಕೆ ಪರಿಹಾರದ ಕಾನೂನಿಲ್ಲದ್ದನ್ನು ಎತ್ತಿ ಹೇಳಿ, ಅದನ್ನು ಶಾಸಕಾಂಗದ ಪಾಲಿಗೆ ಬಿಟ್ಟಿತು. ಡಿಎನ್ಎ ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯನ್ನು ಮೊದಲಿಂದ ಕೊನೆಯವರೆಗೆ ಇಡಬೇಕೆಂದು ದೇಶಕ್ಕೆಲ್ಲ ನಿರ್ದೇಶನ ಕೊಟ್ಟಿತು. ಎರಡನೆಯದು ಸುದ್ದಿಯಾಗಲಿಲ್ಲ, ನಮಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ನಮ್ಮವರ ಬಗ್ಗೆ. ಸುಳ್ಳು ಮೊಕದ್ದಮೆ ಎಂದರೆ ಮುಸ್ಲಿಮರ ಸಂಕಟ ಎಂಬಂತೆ ನಮ್ಮ ಸಭೆಗಳಲ್ಲಿ ಮಾತು ನಡೆಯುತ್ತದೆ. ಆ ಮಾತಿಗೆ ಕಾರಣಗಳಿವೆ, ಮೇಲಿನ ಹೆಸರುಗಳೇ ಹೇಳುತ್ತವೆ. ಆದರೆ ನಮ್ಮದೇ ಜಿಲ್ಲೆಯ ಆದಿವಾಸಿ ಜೈಲಿನಲ್ಲಿದ್ದಾಗ ಅವನಿಗಾಗಿ ಎಷ್ಟು ಜಮಾಅತ್‌ಗಳಲ್ಲಿ ಮಾತೆತ್ತಿದ್ದೇವೆ? ಅಲ್ ಬಕರಾ ಅಧ್ಯಾಯದಲ್ಲಿ ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಹೇಳುವ ವಚನ ಕುರ್‌ಆನಿನಲ್ಲೇ ಅತಿ ಉದ್ದದ್ದು. ಅದರ ಬೆನ್ನಿಗೇ ಬರುವ ವಚನದಲ್ಲಿ ಸಾಕ್ಷ್ಯ ಬಚ್ಚಿಡುವವನಿಗೆ ಎಚ್ಚರಿಕೆಯಿದೆ. ಬರೆದಿಡುವುದು, ಬಚ್ಚಿಡದಿರುವುದು ಎರಡೂ ಪಕ್ಕಪಕ್ಕದಲ್ಲಿರುವುದನ್ನು ಖುತ್ಬಾಗಳಲ್ಲಿ ಇನ್ನಷ್ಟು ಕೇಳಬೇಕೆಂದು ನಮ್ಮ ಆಸೆ. ಅಲ್ಲಿ ಸಾಕ್ಷ್ಯ ಯಾವ ಕೌಮಿನವನದು ಎಂಬ ಷರತ್ತಿಲ್ಲ.

ಆ ಕೂಲಿಕಾರ ಒಂದು ಲಕ್ಷವನ್ನು ಒಪ್ಪಿ ಸುಮ್ಮನಾಗಲಿಲ್ಲ. 2025ರಲ್ಲೇ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ಐದು ಕೋಟಿ ರೂಪಾಯಿ ಕೇಳಿದ್ದು ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ಅದೇ ಅರ್ಜಿಯಲ್ಲಿ ಇನ್ನೊಂದು ಕೋರಿಕೆಯಿತ್ತು: ತೀರ್ಪಿನ ದಾಖಲೆಯಲ್ಲಿ ತನ್ನನ್ನು ‘ಆರೋಪಿ’ ಎಂದಿರುವ ಕಡೆ ‘ಸಂತ್ರಸ್ತ’ ಎಂದು ತಿದ್ದಬೇಕು. ಸುದ್ದಿಯ ಕೊನೆಯ ಸಾಲುಗಳಲ್ಲಿ ಅದು ಬಂದಿತ್ತು. ಕಾಗದದ ಮೇಲಿನ ಒಂದು ಪದಕ್ಕಾಗಿ ಅವನು ಹೈಕೋರ್ಟಿನವರೆಗೆ ಹೋಗಿದ್ದಾನೆ. ಬೆಟ್ಟದಪುರದಲ್ಲಿ ಸಿಕ್ಕ ಆ ಎಲುಬುಗಳು ಯಾರವು ಎಂದು ಕೇಳಲು ಮಾತ್ರ ಯಾವ ಅರ್ಜಿದಾರನೂ ಇಲ್ಲ. ಅವಳದಲ್ಲವೆಂದು ಪ್ರಯೋಗಾಲಯ ಬರೆದುಕೊಟ್ಟ ದಿನವೇ ಅದು ಇನ್ನೊಬ್ಬರ ಸಾವಿನ ಕಡತವಾಗಬೇಕಿತ್ತು.